ಬಾಗಿಲಿಗೆ ಎದುರಾಗಿದ್ದ ಗಡಿಯಾರ

ಗುತ್ತಲು, ಮಂಡ್ಯ
ಸೋಮವಾರ, ೧೫ ಜುಲೈ ೨೦೨೪

ನನ್ನ ಮುದ್ದು ತಮ್ಮ ಪ್ರಸನ್ನನಿಗೆ ನಾಗಮಣಿ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ರಾಯಚೂರಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತಲ್ಲ, ನಿಂತಿತೆ? ಕಾಲೇಜಿನಲ್ಲಿ ಪಾಠ ಹೇಳುವ ಭರದಲ್ಲಿ ಮಧ್ಯಾಹ್ನದ ಊಟ ಬಿಡಬೇಡ. ಊರಿನಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಮಾತ್ರ ಹಾಗೇ ಇದೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಗಡಿಯಾರದ ಮಾತೆತ್ತಿದರೆ ಸಾಕು, ನೀನು "ಬುಡಕ್ಕ, ಆಗೋಯ್ತು" ಎಂದು ಕಟ್ ಮಾಡುತ್ತೀಯ. ಕಾಗದವನ್ನು ಕಟ್ ಮಾಡಲಾಗದು, ಹರಿಯಬೇಕು. ಹರಿಯುವುದಾದರೆ ಓದಿ ಹರಿ.

ಇವತ್ತು ಸೋಮವಾರ, ಗಡಿಯಾರಕ್ಕೆ ಕೀ ಕೊಡುವ ದಿನ. ಮದುವೆಯಾಗಿ ಮಂಡ್ಯಕ್ಕೆ ಬಂದು ಇಪ್ಪತ್ತು ವರ್ಷವಾದರೂ ಸೋಮವಾರ ಬೆಳಿಗ್ಗೆ ನನ್ನ ಕೈ ಸುಮ್ಮನಿರುವುದಿಲ್ಲ. ತಾತ ಕೆಂಪಸಿದ್ದಯ್ಯ ಶಿವನಸಮುದ್ರದ ಬ್ಲಫಿನ ಪವರ್ ಹೌಸಿನಲ್ಲಿ ಕೂಲಿಯಾಗಿದ್ದಾಗ, ತನ್ನ ಸೀಮೆಗೆ ಹೊರಟ ಇಂಗ್ಲಿಷ್ ದೊರೆ ಕೊಟ್ಟುಹೋದ ಆ ಆಳೆತ್ತರದ ಗಡಿಯಾರವನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿಕೊಂಡು ಬಂದಿದ್ದನ್ನು ನಿನಗೆ ನಾನು ಹೇಳಬೇಕಿಲ್ಲ. ಊರಿಗೆಲ್ಲ ಅದೊಂದೇ ಗಂಟೆ. ನಾಲೆಯ ನೀರಿನ ಸರದಿ ಬಂದಾಗ ಪಟೇಲ ಜವರಯ್ಯ ನಮ್ಮ ಕೇರಿಯ ಹೊಂಗೆಮರದ ಕೆಳಗೆ ನಿಂತು "ಲೇ ಕೆಂಪಸಿದ್ದ, ಗಂಟೆ ಎಷ್ಟಾಯ್ತಲಾ?" ಎಂದು ಕೂಗಬೇಕು, ತಾತ ಜಗುಲಿಯಿಂದ ಹೇಳಬೇಕು. ಹೊತ್ತು ನಮ್ಮದು, ನೀರು ಅವರದು. ಒಂದು ದಿನ ತಾತ "ಒಳಿಕ್ಕೆ ಬಂದು ನೀವೇ ನೋಡ್ಕಳಿ ಬುದ್ಧಿ" ಎಂದಿದ್ದಕ್ಕೆ ಆ ಮನುಷ್ಯ ನಕ್ಕು, ಉಗಿದು, ಹೋದನಂತೆ. ಮಾರನೆಯ ದಿನವೇ ತಾತ ಗಡಿಯಾರವನ್ನು ಬಾಗಿಲಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿದ. ಇವತ್ತಲ್ಲ ನಾಳೆ ಆ ಮನೆಯವರು ಹೊಸಿಲು ದಾಟಿ ಬಂದು ಹೊತ್ತು ನೋಡಲಿ ಅಂತ. ಸಾಯುವವರೆಗೂ ಅದೊಂದು ಆಸೆ ತಾತನಿಗೆ.

ಮೈಸೂರಿನ ಹಳೆ ಸಾಮಾನಿನವನು ಎರಡು ಸಲ ಬಂದು ಕೇಳಿದಾಗ "ಮನೆ ಮಾರೇನು, ಇದನ್ನು ಮಾರಲ್ಲ" ಎಂದವನು ನೀನೇ. ಅಂಥವನು ಜವರಯ್ಯನ ಮೊಮ್ಮಗ ಜಯಪ್ರಕಾಶನ ಕೈಗೆ, ಅವನು ಹೇಳಿದ ಬೆಲೆಗೇ ಕೊಟ್ಟೆ. ಯಾಕೆ? ಅವನು ಚಪ್ಪಲಿ ಬಿಟ್ಟು ಒಳಗೆ ಬಂದ, ನಮ್ಮ ಬೆಂಚಿನ ಮೇಲೆ ಕೂತ, ಅಮ್ಮ ಕೊಟ್ಟ ಕಾಫಿ ಲೋಟ ಹಿಡಿದ. ಅಷ್ಟಕ್ಕೇ ನೀನು ಕರಗಿ ನೀರಾದೆ. ಫೋಟೋ ತೆಗೆದು, "ತಾತ ಗೆದ್ದ" ಎಂದು ಬರೆದು, ನಮಗೆಲ್ಲ ಕಳಿಸಿದೆ. ಗೆದ್ದವರು ಗಡಿಯಾರ ಹೊತ್ತುಕೊಡುತ್ತಾರೇನೋ? ಟೆಂಪೋವರೆಗೆ ಅದರ ಬುಡ ಹಿಡಿದುಕೊಂಡು ಹೋದವನೂ ನೀನೇ ಅಂತೆ. ನಿನ್ನ ಓದಿಗಿಷ್ಟು ಬೆಂಕಿ ಹಾಕ, ನನಗೆ ಒಂದು ಮಾತು ಕೇಳಬೇಕೆನಿಸಲಿಲ್ಲವೆ?

ಹೋದ ಗುರುವಾರ ಅಮ್ಮ ಅದನ್ನೊಮ್ಮೆ ನೋಡಬೇಕೆಂದು ಹಟ ಹಿಡಿದಳು. ಬೆಳಕವಾಡಿ ದಾಟಿ ಶಿವನಸಮುದ್ರದ ರಸ್ತೆಯಲ್ಲಿ ಅವನು ಕಟ್ಟಿಸಿರುವ ಹೋಂಸ್ಟೇಗೆ ಕರೆದುಕೊಂಡು ಹೋದೆ. ಜಯಪ್ರಕಾಶ ನಗುನಗುತ್ತಲೇ ಮಾತಾಡಿಸಿದ, ಸುಳ್ಳು ಯಾಕೆ ಹೇಳಲಿ. "ಒಳ್ಗೆ ಗೆಸ್ಟ್‌ಗಳವ್ರೆ ಕಣಮ್ಮ, ಇಲ್ಲಿಂದ್ಲೇ ನೋಡ್ಬುಡಿ" ಎಂದ. ನಾವು ಅಂಗಳದಲ್ಲಿ ನಿಂತು ಬಾಗಿಲಿನಿಂದ ನೋಡಿದೆವು. ಕೀ ಕೊಡುವವರಿಲ್ಲದೆ ನಾಲ್ಕು ಇಪ್ಪತ್ತಕ್ಕೆ ನಿಂತುಹೋಗಿದೆ. ಪಕ್ಕದಲ್ಲಿ ಹಿತ್ತಾಳೆ ಫಲಕ: ಪಟೇಲ್ ಜವರಯ್ಯನವರ ಮನೆತನದ ಗಡಿಯಾರ. ಅಮ್ಮನಿಗೆ ಓದಲು ಬರದಿದ್ದದ್ದು ಆ ದಿನ ಒಳ್ಳೆಯದೇ ಆಯಿತು. "ಏನು ಬರ್ದವ್ರವ್ವ?" ಎಂದು ಕೇಳಿದಳು. ನಿನ್ನ ಮಾವನ ಹೆಸರು ಬರೆದಿದ್ದಾರೆ ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡು ದೂರದಿಂದಲೇ ಕೈಮುಗಿದಳು. ನಿನ್ನ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಆದರೂ ನೀನು ನನ್ನ ಕಂಕುಳಲ್ಲಿ ಬೆಳೆದ ಕೂಸು. ನೂರು ಕಾಲ ಬಾಳು, ಹೊತ್ತುಹೊತ್ತಿಗೆ ಉಣ್ಣು. ಗೌರಿಹಬ್ಬಕ್ಕೆ ಬಾ, ನಿನಗೆ ಅನ್ನ ಹಾಕದಷ್ಟು ಮುನಿಸಿಲ್ಲ.

ಇಂತಿ,
ನಿನ್ನ ಅಕ್ಕ
ನಾಗಮಣಿ

ಮರೆತಿದ್ದೆ: ಬಸ್ಸಿನಲ್ಲಿ ಬರುವಾಗ ಅಮ್ಮ ಒಂದು ಮಾತು ಹೇಳಿದಳು, ನಿನಗೆ ಹೇಳಬೇಡ ಎಂದು ಆಣೆ ಹಾಕಿಸಿದಳು. ಆಣೆ ಮುರಿಯುತ್ತಿದ್ದೇನೆ. ಅವತ್ತು ನೀವೆಲ್ಲ ಗಡಿಯಾರ ಹೊತ್ತುಕೊಂಡು ಹೋದ ಮೇಲೆ ಬೆಂಚಿನ ಹಿಂದಿನ ಕಿಟಕಿಯಲ್ಲಿ ಜಯಪ್ರಕಾಶನ ಲೋಟ ಇತ್ತಂತೆ, ತುಂಬಿದ್ದು ತುಂಬಿದ ಹಾಗೆ, ಮೇಲೆ ಕೆನೆಗಟ್ಟಿ. "ಮರ್ತಿರ್ಬೇಕು ಕಣವ್ವ, ಪಾಪ" ಎಂದು ಅಮ್ಮ ಇನ್ನೂ ಅವನ ಪರವಾಗಿಯೇ ಹೇಳುತ್ತಾಳೆ. ನಿನ್ನ ಫೋಟೋ ಇನ್ನೊಂದು ಸಲ ತೆಗೆದು ನೋಡು. ಲೋಟ ಅವನ ಕೈಯಲ್ಲಿದೆ, ಬಾಯಿಗೆ ಹೋಗಿಲ್ಲ. ಅಮ್ಮ ಅದನ್ನು ಚೆಲ್ಲಲಿಲ್ಲ. ಹಾಲು ದಂಡವಾಗುತ್ತದೆ ಎಂದು ಬಿಸಿ ಮಾಡಿಕೊಂಡು, ಗಡಿಯಾರವಿದ್ದ ಜಾಗದಲ್ಲಿ ಕೂತು, ತಾನೇ ಕುಡಿದಳಂತೆ.