ಹುಳದ ಮನೆಯಲ್ಲಿ ಚೆಲ್ಲೊ

ಅಣ್ಣಾ,

ನೀನು ತೀರಿಕೊಂಡ ಮೇಲೆ ನನ್ನ ಬಳಿ ಉಳಿದ ನಿನ್ನ ಫೋನಿನಿಂದ ಇವತ್ತು ರೇಷ್ಮೆಹುಳದ ಮನೆಯಲ್ಲಿ ಆ ಸೊನಾಟ ಹಾಕಿದೆ. ಇದೇ ಮನೆಯಲ್ಲಿ ನೀನು ನಿನ್ನ ಆ ದೊಡ್ಡ ಪಿಟೀಲಿನಂಥ ಚೆಲ್ಲೊ ಒಂದರಲ್ಲೇ ನುಡಿಸಿ ರೆಕಾರ್ಡ್ ಮಾಡಿದ್ದ, ಯಾವ ರಾಗಕ್ಕೂ ಸಿಕ್ಕದ, ತಂತಿ ಕೆರೆಯುವ ಕಳೆದ ಶತಮಾನದ ಪಾಶ್ಚಾತ್ಯ ಸೊನಾಟ. ಹುಳಗಳು ಸೊಪ್ಪು ಬಿಟ್ಟು ನಾಲ್ಕನೇ ಜ್ವರಕ್ಕೆ, ಪೊರೆ ಕಳಚುವ ನಿದ್ದೆಗೆ, ಕೂತಿದ್ದವು. ಪೊರೆ ಬಿಡುವವರೆಗೆ ಸದ್ದಾಗಬಾರದೆಂದು ಗೊತ್ತಿದ್ದೇ ಹಾಕಿದೆ.

ಅಪ್ಪ ಬಾಗಿಲಿಗೆ ಬಂದರು. ಬೈಯುತ್ತಾರೆಂದು ಕಾದೆ. ಅವರು ಕಾಲು ತೊಳೆದು ಒಳಗೆ ಬಂದು ಹುಳದ ತಟ್ಟೆಗಳ ಪಕ್ಕ ನಿಂತರು. ಹುಳಗಳು ತಲೆಯೆತ್ತಿಕೊಂಡು ಅಲುಗದೆ ಕೂತೇ ಇದ್ದವು.

ಕೊನೆಯ ಭಾಗ ಶುರುವಾಗುತ್ತಲೇ ಫೋನಿನಲ್ಲಿ ಅಪ್ಪನದೇ ಹಳೆಯ ದನಿ ಕೇಳಿಸಿತು: “ನಿಲ್ಸೋ ಲೇ, ಹುಳ ಬೆದರ್ತವೆ. ಅದನ್ನ ತಗೊಂಡು ಆಚೆ ಹೋಗು.”

ಚೆಲ್ಲೊ ನಿಂತಿತು, ರೆಕಾರ್ಡಿಂಗ್ ಅಲ್ಲಿಗೇ ಮುಗಿಯಿತು. ಅಪ್ಪ ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಮಿಕ್ಕಿದ್ದು ಹಾಕಮ್ಮ,” ಅಂದರು.