ಕೆಳಗಿನ ಒಲೆ

ಅಜ್ಜಿ,

ನೀನು ಜೀವನವಿಡೀ ಅಡುಗೆ ಮಾಡಿದ ನೆಲಮಾಳಿಗೆಯ ಒಲೆಯನ್ನು ಇವತ್ತು ಒಡೆದರು. ಸೋದರಮಾವ ನುಂಜಿಯೊ ಇನ್ನು ಅಲ್ಲಿ ಕಾರು ನಿಲ್ಲಿಸುತ್ತಾನಂತೆ.

ಹೊಸ ಅಡುಗೆಮನೆಯ ನಕ್ಷೆ ಮಾಡಲು ಮಿಲಾನಿನಿಂದ ಬಂದ ವಿನ್ಯಾಸಗಾರ್ತಿ ಇಲಾರಿಯಾ, ನೀನು ನೆಂಟರಿಗೆ ತೋರಿಸಲೆಂದೇ ಒರೆಸಿಡುತ್ತಿದ್ದ, ಒಂದು ಮೊಟ್ಟೆಯನ್ನೂ ಬೇಯಿಸದ ಮೇಲಿನ ಅಡುಗೆಮನೆಯನ್ನು ಅಳೆದುಕೊಂಡಳು.

"ನಿಮ್ಮಜ್ಜಿ ಬೇಸಿಗೆಯೆಲ್ಲ ಟೊಮೆಟೊ ಕುದಿಸ್ತಿದ್ದದ್ದು ಇಲ್ಲೇ ತಾನೆ? ಹೊಸದರಲ್ಲೂ ಅದೇ ಕಳೆ ಇರ್ಲಿ," ಎಂದಳು.

ಮಾವ ನನ್ನತ್ತ ಕೈ ತೋರಿಸಿ ನಕ್ಕ. "ನಮ್ಮ ಪಂಡಿತೆನ ಕೇಳಿ. ಪುಸ್ತಕದ ಮುಂದೆ ಬಿಟ್ರೆ ಬಾಯಿ ತೆಗೆಯೋಳಲ್ಲ."

ಕೆಳಗಿನ ಒಲೆಯ ಸುದ್ದಿಯನ್ನು ಹೊರಗಿನವರ ಮುಂದೆ ಎತ್ತಿದರೆ ಮನೆಯ ಮಾನ ಹೋಗುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ.

"ಹೌದು, ಇಲ್ಲೇ," ಎಂದೆ. ಅವಳು ಬರೆದುಕೊಂಡಳು. ಆಗಿನ್ನೂ ಕೆಲಸದವರು ಕೆಳಗೆ ಸುತ್ತಿಗೆ ಎತ್ತಿರಲಿಲ್ಲ, ಅಜ್ಜಿ.