ಮೊದಲ ಚೊಂಬು ನೀರು

ಹೊಸಪೇಟೆ
೧೮ ನವೆಂಬರ್ ೨೦೦೭

ನನ್ನ ಸುನಿತಾಳಿಗೆ,

ನಿನ್ನವ್ವನ ಆಶೀರ್ವಾದ. ಕಂಪ್ಲಿಯಲ್ಲಿ ನೀನೂ ಹೊಟ್ಟೆಯೊಳಗಿನ ಕೂಸೂ ಸುಖವಾಗಿದ್ದೀರೆಂದು ನಂಬಿದ್ದೇನೆ. ತಡವಾಯಿತು, ಸಿಟ್ಟಾಗಬೇಡ. ಮೊಬೈಲ್ ಇರುವಾಗ ಕಾಗದ ಯಾಕೆ ಅನ್ನುತ್ತೀ. ಫೋನಿನಲ್ಲಿ ಬೇಕಾದ ಮಾತು ಅರ್ಧದಲ್ಲೇ ಕೈಕೊಡುತ್ತದೆ, ನೀನು ಅತ್ತ ಹಲೋ ಹಲೋ ಅನ್ನುತ್ತೀ. ಕಾಗದಕ್ಕೆ ಅವಸರವಿಲ್ಲ.

ಖಾನಾವಳಿ ಭರ್ಜರಿ ನಡೆದಿದೆ. ಸಂಡೂರಿನ ಅದಿರು ಲಾರಿಗಳಿಗೆ ಹಗಲು ರಾತ್ರಿ ಇಲ್ಲ. ಮಣ್ಣು ಮಾರುವುದಕ್ಕಿಂತ ಮಣ್ಣು ಹೊರುವವರಿಗೆ ರೊಟ್ಟಿ ಮಾರುವುದೇ ಗಟ್ಟಿ ವ್ಯಾಪಾರ ಎಂದಿದ್ದೆನಲ್ಲ, ಸುಳ್ಳಾಗಲಿಲ್ಲ. ಆದರೆ ಎದೆಯ ಗಡ್ಡೆ ತೆಗೆದು ಕೀಮೋ ಶುರುವಾದ ಮೇಲೆ, ಯಾರಿಗೆ ಏನು ಬಡಿಸಿದೆವೆಂದು ರೊಟ್ಟಿ ಬಡಿಯುವ ದುರ್ಗಕ್ಕನನ್ನೇ ಕೇಳಬೇಕು. ಯಾವ ಡ್ರೈವರಿಗೆ ಖಾರ ಬೇಕು, ಯಾರಿಗೆ ಉಳ್ಳಾಗಡ್ಡಿ ಆಗದು, ಎಲ್ಲ ಬಾಯಿಪಾಠವಿದ್ದ ತಲೆ ಇದು. ಮೊನ್ನೆ ಒಂದೇ ಗಡಿಗೆಯ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಡ್ರೈವರ್ ಗಾದಿಲಿಂಗಪ್ಪ ನೀರು ಕುಡಿದು, "ಅಕ್ಕಾ, ಉಪ್ಪಿಂದೂ ಮೈನಿಂಗ್ ಚಾಲೂ ಮಾಡೀರೇನ್ರಿ?" ಅಂದ. ಎಲ್ಲರ ಜೊತೆ ನಾನೂ ನಕ್ಕೆ.

ಡಾಕ್ಟರನ್ನು ಕೇಳಿದೆ. ಈ ಔಷಧಿಯಿಂದ ಕೆಲವರಿಗೆ ಮಂಕು, ಮರೆವು ಬರುತ್ತದೆ, ಹೆಚ್ಚಿನವರಿಗೆ ಮೆಲ್ಲಗೆ ತಿಳಿಯಾಗುತ್ತದೆ, ಹೆದರಬೇಡಿ ಎಂದರು. ಯಾವಾಗ ಎಂದರೆ ವಾಯಿದೆ ಕೊಡಲಿಲ್ಲ. ವಾಯಿದೆ ಇಲ್ಲದ ಮಾತನ್ನು ನಾನು ಯಾವತ್ತು ನಂಬಿದ್ದೇನೆ?

ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ನಿಜ. ಆದರೂ ಈ ಸಲ ನೀನು ಬರಬೇಡ. ಇಲ್ಲಿ ಒಣಹಾಕಿದ ಬಟ್ಟೆ ಸಂಜೆಗೆ ಕೆಂಪಾಗುತ್ತದೆ, ಕೂಸಿಗೆ ಈ ಧೂಳು ಆಗದು. ನಿಮ್ಮತ್ತೆ ವಿರುಪಮ್ಮನವರಿಗೆ ಇಷ್ಟೇ ಹೇಳು. ತವರವರು ಕೈಬಿಟ್ಟರೆಂದು ಆಡಿಕೊಂಡರೆ ಆಡಿಕೊಳ್ಳಲಿ. ಅವರ ಬಾಯಿ ಜೋರು, ಕೈ ನಂಬಿಕಸ್ತ. ಕೂಸಿಗೆ ಬೇಕಾದದ್ದು ಕೈ.

ಹಂಪಿ ವಿರೂಪಾಕ್ಷ ಎರಡು ಜೀವವನ್ನು ಸುಖವಾಗಿ ಬೇರೆ ಮಾಡಲಿ.

ನಿನ್ನವ್ವ,
ಎರ್ರಮ್ಮ

ತಾ.ಕ.: ಧೂಳಿನ ಮಾತು ನಿಮ್ಮತ್ತೆಗೆ. ನಿನಗೆ ನಿಜ ಹೇಳುತ್ತೇನೆ. ನಿನ್ನ ಬಾಣಂತನಕ್ಕೆ ಕೈ ರೂಢಿಯಾಗಲೆಂದು ಪಕ್ಕದ ಮನೆ ಭರಮಮ್ಮನ ಎಳೆಯ ಮೊಮ್ಮಗಳಿಗೆ ನೀರೆರೆಯಲು ಕೂತೆ. ಓಣಿಯ ಕೂಸುಗಳೆಲ್ಲ ನನ್ನ ಕಾಲ ಮೇಲೆ ಮಿಂದವೇ ಅಲ್ಲವೇ. ಹಂಡೆಯ ನೀರಿಗೆ ತಣ್ಣೀರು ಬೆರೆಸಿದ್ದೇನೆಂದೇ ತಿಳಿದಿದ್ದೆ. ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುವ ಮೊದಲು ಒಂದು ಚೊಂಬು ನನ್ನ ಕಾಲಿಗೇ ಸುರಿದುಕೊಂಡು ನೋಡುವುದು ಹಳೇ ರೂಢಿ. ಮೊಣಕಾಲಿನಿಂದ ಪಾದದವರೆಗೆ ಗುಳ್ಳೆ ಎದ್ದಿವೆ. "ಇರ್ಲಿ ಬಿಡ್ರಿ ಅಕ್ಕ, ಎಲ್ಲಾರಿಗೂ ಆಗ್ತೈತಿ" ಅಂದಳು ಭರಮಮ್ಮ. ಕೂಸನ್ನು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ. ಅವಳ ತಪ್ಪಿಲ್ಲ. ಆ ರೂಢಿಯೊಂದು ಇನ್ನೂ ಉಳಿದಿದೆ, ಸುನಿ. ಅದೂ ಮರೆತ ದಿನ ನನ್ನ ಕಾಲ ಮೇಲಿರುವುದು ನಿನ್ನ ಕೂಸಾಗಬಾರದು.